ಯಾರ ಹರಕೆಯ ಆಟ?

ಬೆಂಗಳೂರಿನ ಪಾರ್ಕುಗಳಲ್ಲಿ ಬೆಳಗಿನ ಹೊತ್ತು ಸುತ್ತು ಹಾಕಲು ಬರುವ ಹಿರಿಯರಿಗೆ ಹೆಸರಿರುವುದಿಲ್ಲ, ಊರಿರುತ್ತದೆ. ವಿಜಯನಗರದ ಒಂದು ಪುಟ್ಟ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರುವವರಲ್ಲಿ ಒಬ್ಬರು ತಿಪಟೂರು, ಒಬ್ಬರು ಹೊಳೆನರಸೀಪುರ, ಇನ್ನೊಬ್ಬರು ಬಾದಾಮಿ. ‘ಬಾದಾಮಿ ಇವತ್ತು ಬಂದಿಲ್ಲ, ಮಂಡಿನೋವಂತೆ’ ಎಂಬ ಮಾತು ಕಿವಿಗೆ ಬಿದ್ದ ಹೊಸಬರು ಒಂದು ಗಳಿಗೆ ತಬ್ಬಿಬ್ಬಾಗುವುದುಂಟು. ಆ ಬೆಂಚಿಗೆ ಎಲ್ಲರಿಗಿಂತ ಕಡೆಗೆ ಬಂದು ಸೇರಿದವರು ಅರಂತೋಡು.

‘ಅದೆಲ್ಲಿ ಬಂತು ಸ್ವಾಮಿ?’ ಎಂದು ಮೊದಲ ದಿನವೇ ತಿಪಟೂರಿನವರು ಕೇಳಿದ್ದರು. ‘ಮಡಿಕೇರಿಯಿಂದ ಘಟ್ಟ ಇಳಿದು ಸಂಪಾಜೆ ದಾಟಿದರೆ ಸಿಗುವುದೇ ಅರಂತೋಡು. ಅಲ್ಲಿಂದ ಮುಂದೆ ಸುಳ್ಯ. ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನಕ್ಕೆ ಹೋಗುವವರು ನಮ್ಮಲ್ಲೇ ಇಳಿಯಬೇಕು’ ಎಂದು ಇವರು ವಿವರಿಸಿದರು. ‘ಓ, ಅಡಿಕೆ ಸೀಮೆ! ಹಾಗಾದರೆ ನೀವು ಸಾಹುಕಾರರೇ ಬಿಡಿ’ ಎಂದು ಅವರು ನಕ್ಕರು. ಇವರೂ ನಕ್ಕರು. ಆದರೆ ಆ ನಗು ತುಟಿ ದಾಟಿ ಕಣ್ಣಿನವರೆಗೆ ಹೋಗಲಿಲ್ಲ.

ಹೋಗುವುದಾದರೂ ಹೇಗೆ? ಅರಂತೋಡಿನ ತೋಟಗಳಿಗೆ ಹಳದಿ ಎಲೆ ರೋಗ ಹೊಕ್ಕು ದಶಕಗಳೇ ಕಳೆದಿವೆ. ಅಡಿಕೆ ಮರದ ಸೋಗೆಯ ತುದಿಯಲ್ಲಿ ಮೊದಲು ಒಂದಿಷ್ಟು ಹಳದಿ. ನೀರು ಕಡಿಮೆಯಾಯಿತೇನೋ, ಗೊಬ್ಬರ ಸಾಲದೇನೋ ಎಂದುಕೊಳ್ಳುವಷ್ಟರಲ್ಲಿ ಇಡೀ ಸೋಗೆ ಹಳದಿ. ಮುಂದಿನ ವರ್ಷ ಮರದ ತಲೆ ಸಣ್ಣದಾಗುತ್ತದೆ. ಅಡಿಕೆ ಸುಲಿದರೆ ಒಳಗೆ ಕಪ್ಪು, ಮೆತ್ತಗೆ. ಕೇರಳದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1914ರಲ್ಲಿ. ಫೈಟೊಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿ ಇದಕ್ಕೆ ಕಾರಣ, ರಸ ಹೀರುವ ಒಂದು ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ ಎಂಬುದು ಕಾಸರಗೋಡು, ವಿಟ್ಲದ ಸಂಶೋಧನಾ ಕೇಂದ್ರಗಳಿಂದ ರೈತರಿಗೂ ಗೊತ್ತಾಗಿದೆ. ಗೊತ್ತಾಗಿ ಏನು ಮಾಡುವುದು? ಬಂದ ರೋಗವನ್ನು ಗುಣಪಡಿಸುವ ಮದ್ದು ಇಲ್ಲ. ಕೆಲವರು ರಬ್ಬರ್ ಹಾಕಿದರು, ಕೆಲವರು ತಾಳೆ, ಕೊಕ್ಕೊ ಎಂದರು. ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು. ಅವರ ಹಿಂದೆಯೇ ಅಪ್ಪ ಅಮ್ಮಂದಿರೂ ಹತ್ತಿದರು.

ಅರಂತೋಡಿನವರು ಹಾಗೆ ಬಂದವರು. ಹೆಂಡತಿ ತೀರಿಕೊಂಡ ಮೇಲೆ ಮಗ ಕರೆತಂದ. ಊರಿನಲ್ಲಿ ಉಳಿದದ್ದು ಹಳೆಯ ಮನೆ, ಹಳದಿ ತೋಟ ಮತ್ತು ತಮ್ಮ. ‘ನೀನೂ ಬಂದುಬಿಡು’ ಎಂದರೆ ತಮ್ಮ ಕೇಳಲಿಲ್ಲ. ಅವನು ಹೆಚ್ಚು ಮಾತಿನವನಲ್ಲ. ಮೊದಲು ಹಾಗಿರಲಿಲ್ಲ. ಯಾವಾಗಿನಿಂದ ಹಾಗಾದ ಎಂಬುದು ಅಣ್ಣನಿಗೆ ಗೊತ್ತಿತ್ತು. ಆದರೆ ಗೊತ್ತಿದೆ ಎಂಬುದನ್ನು ಅವರು ಯಾರಿಗೂ ಹೇಳಿದವರಲ್ಲ.

* * *

ಒಂದು ಭಾನುವಾರ ಬಾದಾಮಿಯವರು ಹೊಸದೊಂದು ಸುದ್ದಿ ತಂದರು. ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಬೆಳಗ್ಗೆ ಸಂಗೀತವಂತೆ. ಟಿಕೆಟ್ ಇಲ್ಲ, ಪಾಸ್ ಇಲ್ಲ. ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ಪಾರ್ಕಿನ ಮಗ್ಗುಲಿಗೇ ಇಳಿಸುತ್ತದೆ. ಮೂವರು ಹಿರಿಯರು ಶಾಲೆಯ ಹುಡುಗರಂತೆ ಸಾಲಾಗಿ ಹೊರಟರು.

ಕಬ್ಬನ್ ಪಾರ್ಕ್ ಹುಟ್ಟಿದ್ದು 1870ರಲ್ಲಿ. 1927ರಲ್ಲಿ ಅದಕ್ಕೆ ಶ್ರೀ ಚಾಮರಾಜೇಂದ್ರ ಪಾರ್ಕ್ ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಕಬ್ಬನ್ನೇ ಉಳಿಯಿತು. ಎರಕದ ಕಬ್ಬಿಣದ ಕಂಬಗಳು ಹೊತ್ತ ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡು ಬ್ರಿಟಿಷರ ಕಾಲದ್ದು. ಆಗ ಅಲ್ಲಿ ಮಿಲಿಟರಿ ಬ್ಯಾಂಡು ಪಾಶ್ಚಾತ್ಯ ಸಂಗೀತ ನುಡಿಸುತ್ತಿತ್ತು. ಈಗ ಭಾನುವಾರ ಪಾರ್ಕಿನೊಳಗೆ ವಾಹನಗಳಿಗೆ ಪ್ರವೇಶವಿಲ್ಲದ್ದರಿಂದ ರಸ್ತೆಯೆಲ್ಲ ಮಕ್ಕಳದು, ಸೈಕಲ್ಲಿನವರದು, ನಾಯಿಗಳದು. ಓಡುವವರು ಓಡುತ್ತಿದ್ದರು. ಬಿದಿರು ಮೆಳೆಯ ಹತ್ತಿರ ಯಾರೋ ಯೋಗಾಸನ ಹಾಕುತ್ತಿದ್ದರು. ಇವೆಲ್ಲದರ ನಡುವೆ ಬ್ಯಾಂಡ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಜಮಖಾನೆ, ಒಂದು ಜೊತೆ ತಬಲಾ, ಎರಡು ಮೈಕು.

ಅರಂತೋಡಿನವರು ಸುತ್ತ ನೋಡಿ, ಪಕ್ಕದಲ್ಲಿದ್ದ ಬಾದಾಮಿಯವರ ಕಿವಿಯಲ್ಲಿ ಕೇಳಿದರು: ‘ಇದು ಯಾರ ಹರಕೆಯ ಆಟ?’

ಬಾದಾಮಿಯವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರಿಗೆ ವಿವರಿಸಬೇಕಾಯಿತು. ದಕ್ಷಿಣ ಕನ್ನಡದಲ್ಲಿ ಯಕ್ಷಗಾನಕ್ಕೆ ಎರಡು ದಾರಿ. ಡೇರೆ ಹಾಕಿ, ಟಿಕೆಟ್ ಇಟ್ಟು ಆಡಿಸುವುದು ಒಂದು. ಇನ್ನೊಂದು ಬಯಲಾಟ. ಧರ್ಮಸ್ಥಳ, ಕಟೀಲಿನಂಥ ಕ್ಷೇತ್ರಗಳ ಮೇಳಗಳನ್ನು ಹರಕೆ ಹೊತ್ತವರು ಊರಿಗೆ ಕರೆಸಿ ಗದ್ದೆಯಲ್ಲೋ ಅಂಗಳದಲ್ಲೋ ಆಡಿಸುತ್ತಾರೆ. ಮಗು ಹುಟ್ಟಿದ್ದಕ್ಕೆ, ಕಾಯಿಲೆ ವಾಸಿಯಾದದ್ದಕ್ಕೆ, ಕೋರ್ಟಿನ ವ್ಯಾಜ್ಯ ಮುಗಿದದ್ದಕ್ಕೆ. ಖರ್ಚು ಹರಕೆಯವರದು, ನೋಟ ಊರಿನವರದು. ಯಾರು ಬೇಕಾದರೂ ಬಂದು ಕೂರಬಹುದು, ನಿದ್ದೆ ಬಂದರೆ ಅಲ್ಲೇ ಮಲಗಬಹುದು. ಪುಕ್ಕಟೆ ಎಂಬ ಮಾತೇ ಅಲ್ಲಿಲ್ಲ, ಏಕೆಂದರೆ ಯಾರೋ ಒಬ್ಬರು ಅದರ ಋಣ ತೀರಿಸುತ್ತಿರುತ್ತಾರೆ.

‘ಹಾಗಾದರೆ ಇದು ಸರ್ಕಾರದ ಹರಕೆ ಇರಬೇಕು’ ಎಂದರು ಬಾದಾಮಿಯವರು.

ಅಷ್ಟರಲ್ಲಿ ಕಲಾವಿದರು ಬಂದು ಕೂತರು. ಮಧ್ಯವಯಸ್ಸು, ಬಿಳಿ ಜುಬ್ಬಾ. ಚೀಲದಿಂದ ಗಿಟಾರು ತೆಗೆದರು. ‘ಅಯ್ಯೋ, ಗಿಟಾರಾ? ಸಿನಿಮಾ ಹುಡುಗರ ಹಾಗೆ ಕುಣಿಯುತ್ತಾರೇನೋ’ ಎಂದು ತಿಪಟೂರಿನವರು ಗೊಣಗಿದರು. ಕಲಾವಿದರು ಗಿಟಾರನ್ನು ಎದೆಗೆ ಆನಿಸಿಕೊಳ್ಳಲಿಲ್ಲ. ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಮಗುವನ್ನು ಮಲಗಿಸಿದಂತೆ ಅಡ್ಡಲಾಗಿ ಮಲಗಿಸಿಕೊಂಡರು. ಬಲಗೈ ಬೆರಳಿಗೆ ಉಗುರುಗಳನ್ನು ತೊಟ್ಟರು. ಎಡಗೈಯಲ್ಲಿ ಬೆಳಕಿಗೆ ಮಿಂಚುವ ಒಂದು ಉಕ್ಕಿನ ತುಂಡು ಹಿಡಿದರು.

ಆ ತುಂಡನ್ನು ಕಂಡದ್ದೇ ಅರಂತೋಡಿನವರು ಬೆಂಚಿನ ತುದಿಗೆ ಸರಿದು ಕೂತರು.

* * *

ಅವರ ಮನೆಗೆ ರೇಡಿಯೊ ಬಂದ ಕಾಲಕ್ಕೆ ಅದಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಮಂಗಳೂರಿನಲ್ಲಿ ಆಕಾಶವಾಣಿ ಶುರುವಾದದ್ದು 1976ರಲ್ಲಿ, ಮಡಿಕೇರಿಯಲ್ಲಿ 1993ರಲ್ಲಿ. ಅದಕ್ಕೆ ಮುಂಚೆ ಆ ಗುಡ್ಡಗಳ ನಡುವೆ ಸ್ಪಷ್ಟವಾಗಿ ಕೇಳುತ್ತಿದ್ದದ್ದು ದೂರದ ರೇಡಿಯೊ ಸಿಲೋನ್. ಬೆಳಗ್ಗೆ 41 ಮೀಟರಿನಲ್ಲಿ ಹಿಡಿದರೆ ಹಿಂದಿ ಹಾಡುಗಳು, ಅದರಲ್ಲೊಂದಿಷ್ಟು ಹೊತ್ತು ಬರೀ ವಾದ್ಯ ಸಂಗೀತ. ವ್ಯಾನ್ ಶಿಪ್ಲೆ, ಹಜಾರಾ ಸಿಂಗ್, ಸುನಿಲ್ ಗಂಗೂಲಿ ಮುಂತಾದವರು ಗಿಟಾರಿನಲ್ಲಿ ನುಡಿಸಿದ ಚಿತ್ರಗೀತೆಗಳು ಆಗ ಮನೆಮಾತು. ಮಾತಿಲ್ಲದ ಹಾಡು, ಆದರೂ ಯಾರೋ ಮೂಗಿನಲ್ಲೇ ಗುನುಗಿದಂತೆ, ಬಿಕ್ಕಿದಂತೆ ಒಂದು ದನಿ.

ತಮ್ಮ ಆ ದನಿಗೆ ಮನಸೋತ. ಅಡಿಕೆ ಮಾರಲು ಮಂಗಳೂರಿಗೆ ಹೋದವನು ಒಮ್ಮೆ ಯಾರದೋ ಮನೆಯಿಂದ ಹಳೆಯ ಗಿಟಾರು ಕೊಂಡು ತಂದ. ಕಲಿಸುವವರು ಇಡೀ ಸುಳ್ಯ ಸೀಮೆಯಲ್ಲಿ ಅವನಿಗೆ ಸಿಗಲಿಲ್ಲ. ಪತ್ರಿಕೆಯೊಂದರ ಚಿತ್ರ ನೋಡಿ, ತಂತಿಗಳನ್ನು ಎತ್ತರಿಸಬೇಕೆಂದು ತಿಳಿದುಕೊಂಡು ಊರ ಆಚಾರಿಯ ಹತ್ತಿರ ಬೈನೆ ಮರದ ಚೂರೊಂದನ್ನು ಕೆತ್ತಿಸಿ ತಂತಿಯಡಿಗೆ ಕೊಟ್ಟ. ಜಾರಿಸಲು ಉಕ್ಕು ಬೇಕು. ಅದೆಲ್ಲಿ ಸಿಗಬೇಕು? ತೋಟದ ಡೀಸೆಲ್ ಪಂಪು ಬಿಚ್ಚಿದಾಗ ತೆಗೆದಿಟ್ಟಿದ್ದ ಸವೆದ ಪಿಸ್ಟನ್ ಪಿನ್ನು ಸಿಕ್ಕಿತು. ಹೆಬ್ಬೆರಳ ಗಾತ್ರ, ಕನ್ನಡಿಯಷ್ಟು ನುಣುಪು. ಸಂಜೆ ಕೆಲಸ ಮುಗಿದ ಮೇಲೆ ಚಾವಡಿಯಲ್ಲಿ ಕೂತು ಉಜ್ಜುವನು. ಆರಂಭದಲ್ಲಿ ಬೆಕ್ಕಿನ ಜಗಳದಂತೆ ಕೇಳುತ್ತಿದ್ದದ್ದು ವರ್ಷ ಕಳೆಯುವುದರೊಳಗೆ ಹಾಡಿನ ಹಾಗೆ ಕೇಳತೊಡಗಿತು. ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುವರು.

ಆಮೇಲೆ ಬಂದದ್ದು ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲ. ಅಡಿಕೆಗೆ ಕೊಳೆರೋಗದ ಭಯ. ಮಳೆ ಬಿಟ್ಟ ಹೊತ್ತು ನೋಡಿ ಎರಡನೇ ಸಲದ ಮದ್ದು ಬಿಡಬೇಕು. ಮರ ಹತ್ತುವವರು ಸಿಗುವುದೇ ಕಷ್ಟ. ಸಿಕ್ಕವರು ಬೆಳಗ್ಗೆಯೇ ಬಂದು ಕೂತಿದ್ದರು. ಸುಣ್ಣ ಅರಳಿಸಿ ಮೈಲುತುತ್ತು ಕರಗಿಸಿಡುವುದು ತಮ್ಮನ ಕೆಲಸ. ಅವನು ಮರೆತಿದ್ದ. ಚಾವಡಿಯಲ್ಲಿ ಗಿಟಾರಿನ ದನಿ ಕೇಳುತ್ತಿತ್ತು. ಮದ್ದು ತಯಾರಾಗುವಷ್ಟರಲ್ಲಿ ಗುಡ್ಡದ ಮೇಲೆ ಮೋಡ ಇಳಿದು ಮಳೆ ಸುರಿಯಿತು. ಆಳುಗಳು ಎದ್ದು ಹೋದರು.

ಅಣ್ಣ ಚಾವಡಿಗೆ ಬಂದವರು ಒಂದು ಮಾತನ್ನೂ ಆಡಲಿಲ್ಲ. ತಮ್ಮನ ಕೈಯಿಂದ ಆ ಪಿನ್ನು ಕಿತ್ತುಕೊಂಡರು. ಅಂಗಳ ಇಳಿದು ಹೋಗಿ, ಕೆಂಪಗೆ ಉಕ್ಕಿ ಹರಿಯುತ್ತಿದ್ದ ತೋಡಿಗೆ ಎಸೆದರು.

ತಮ್ಮ ಜಗಳವಾಡಲಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾರನೆಯ ದಿನ ಗಿಟಾರು ಅಟ್ಟ ಸೇರಿತು. ಬೇರೊಂದು ಕಬ್ಬಿಣದ ತುಂಡು ಹುಡುಕುವುದು ಅವನಿಗೇನೂ ಕಷ್ಟವಿರಲಿಲ್ಲ, ಹುಡುಕಲಿಲ್ಲ. ಆ ವರ್ಷ ಅಡಿಕೆ ಕೊಳೆತು ಉದುರಿತು. ಮುಂದಿನ ವರ್ಷ ಒಳ್ಳೆಯ ಬೆಳೆ ಬಂತು. ಮಕ್ಕಳ ಮದುವೆಗಳಾದವು, ರೇಡಿಯೊ ಹೋಗಿ ಟಿ.ವಿ. ಬಂತು. ಅಣ್ಣ ತಮ್ಮ ಒಂದೇ ಮನೆಯಲ್ಲಿ ಉಂಡರು, ಒಂದೇ ತೋಟದಲ್ಲಿ ದುಡಿದರು. ನಲವತ್ತು ವರ್ಷ ದಾಟಿದರೂ ಆ ಪಿನ್ನಿನ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

* * *

ಕಬ್ಬನ್ ಪಾರ್ಕಿನಲ್ಲಿ ಕಲಾವಿದರು ಅಹೀರ್ ಭೈರವ್ ಎತ್ತಿಕೊಂಡಿದ್ದರು. ಸಾಮಾನ್ಯ ಗಿಟಾರಿನಲ್ಲಿ ತಂತಿಯನ್ನು ಮೆಟ್ಟುಗಳ ಮೇಲೆ ಒತ್ತಬೇಕು. ಒಂದೊಂದು ಸ್ವರಕ್ಕೂ ಒಂದೊಂದು ಮೆಟ್ಟು, ಮೆಟ್ಟಿಲು ಹತ್ತಿದ ಹಾಗೆ. ಇಲ್ಲಿ ತಂತಿ ಮೆಟ್ಟಿಗೆ ತಾಕುವುದೇ ಇಲ್ಲ. ಉಕ್ಕಿನ ತುಂಡು ತಂತಿಯ ಮೇಲೆ ತೇಲುತ್ತ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ. ಹಿಂದೂಸ್ತಾನಿಯ ಮೀಂಡ್‌ಗೆ ಹೇಳಿ ಮಾಡಿಸಿದ ದಾರಿ ಅದು. ಒಂದು ಕೂದಲೆಳೆ ಹೆಚ್ಚು ಜಾರಿದರೂ ಅಪಸ್ವರ. ಮೆಟ್ಟಿನ ಆಸರೆ ಇಲ್ಲದ್ದರಿಂದ ಕೈಗೆ ಕಿವಿಯೊಂದೇ ದಿಕ್ಕು.

ಈ ವಾದ್ಯದ ಪ್ರಯಾಣವೇ ಒಂದು ದೊಡ್ಡ ಕತೆ. ಪೆಸಿಫಿಕ್ ಸಾಗರದ ಹವಾಯಿ ದ್ವೀಪದಲ್ಲಿ ಜೋಸೆಫ್ ಕೆಕುಕು ಎಂಬ ಶಾಲಾ ಹುಡುಗ 1880ರ ದಶಕದಲ್ಲಿ ಗಿಟಾರಿನ ತಂತಿಯ ಮೇಲೆ ಲೋಹದ ತುಂಡು ಜಾರಿಸಿ ಇದನ್ನು ಕಂಡುಹಿಡಿದ ಎನ್ನುತ್ತಾರೆ. ಭಾರತದಲ್ಲಿ ಹುಟ್ಟಿ ಹವಾಯಿ ಸೇರಿದ ಗೇಬ್ರಿಯಲ್ ಡೇವಿಯನ್ ಎಂಬಾತ ಅದಕ್ಕೂ ಮುಂಚೆ ಹೀಗೆ ನುಡಿಸುತ್ತಿದ್ದ ಎಂಬ ವಾದವೂ ಇದೆ. ಅದು ಹೇಗಾದರೂ ಇರಲಿ, ನಮ್ಮ ವಿಚಿತ್ರವೀಣೆ, ಗೋಟುವಾದ್ಯಗಳಲ್ಲಿ ಮೆಟ್ಟಿಲ್ಲದೆ ತಂತಿಯ ಮೇಲೆ ಜಾರಿಸಿ ನುಡಿಸುವ ಕ್ರಮ ಇದ್ದೇ ಇದೆ. ಹವಾಯಿಯ ಕಲಾವಿದರು ಊರೂರು ತಿರುಗುತ್ತ ಕಲ್ಕತ್ತೆಗೂ ಬಂದರು, ಗಿಟಾರು ಬಂಗಾಳದ ಮನೆಗಳಿಗೆ ಹೊಕ್ಕಿತು. ಉಸ್ತಾದ್ ಅಲಿ ಅಕ್ಬರ್ ಖಾನ್ ಅವರ ಶಿಷ್ಯ ಬ್ರಿಜ್ ಭೂಷಣ್ ಕಾಬ್ರಾ ಅದನ್ನು ಶಾಸ್ತ್ರೀಯ ಸಂಗೀತದ ವೇದಿಕೆಗೆ ತಂದರು. 1967ರಲ್ಲಿ ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿಯ ಜೊತೆ ಕಾಬ್ರಾ ನುಡಿಸಿದ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆ ಲೋಕಪ್ರಸಿದ್ಧವಾಯಿತು. ವಿಶ್ವಮೋಹನ ಭಟ್ಟರು ಅದಕ್ಕೆ ಇನ್ನಷ್ಟು ತಂತಿ ಕಟ್ಟಿ ಮೋಹನವೀಣೆ ಎಂದು ಕರೆದರು, ಅಮೆರಿಕದ ರೈ ಕೂಡರ್ ಜೊತೆ ನುಡಿಸಿ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು.

ದಕ್ಷಿಣ ಕನ್ನಡದವರಿಗೆ ಇಂಥ ಪವಾಡ ಹೊಸದಲ್ಲ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ನಾಗಸ್ವರದವರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದವರು. ಪಾಶ್ಚಾತ್ಯ ಬ್ಯಾಂಡಿನ ಆ ಪೀಪಿಯಲ್ಲಿ ಕರ್ನಾಟಕ ಸಂಗೀತ ಬರುತ್ತದೆಯೇ ಎಂದು ಅನುಮಾನಿಸಿದವರ ಮುಂದೆಯೇ ಗಮಕ ನುಡಿಸಿ ತೋರಿಸಿದರು. 2019ರಲ್ಲಿ ಅವರು ತೀರಿಕೊಂಡಾಗ ಸ್ಯಾಕ್ಸೊಫೋನ್ ಕರಾವಳಿಯ ಮದುವೆ, ಜಾತ್ರೆಗಳ ಸ್ವಂತ ವಾದ್ಯವೇ ಆಗಿತ್ತು. ಹುಡುಗನೊಬ್ಬ ಒಂದು ದನಿಗೆ ಮರುಳಾಗುವುದು ಎಲ್ಲ ಊರುಗಳಲ್ಲೂ ನಡೆಯುತ್ತದೆ. ಮರುಳಾದವನಿಗೆ ಗುರು ಸಿಗುವುದು, ಮನೆಯವರು ಸುಮ್ಮನಿರುವುದು, ಇವೆರಡೂ ಕೂಡಿ ಬರುವುದು ಅಪರೂಪ.

ಅರಂತೋಡಿನವರಿಗೆ ರಾಗದ ಹೆಸರು ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಕಲಾವಿದರ ಎಡಗೈಯನ್ನೇ ಅವರು ನೋಡುತ್ತಿದ್ದರು. ಓಡುತ್ತಿದ್ದ ಹುಡುಗಿಯೊಬ್ಬಳು ನಿಂತು ಕಿವಿಯಿಂದ ಇಯರ್‌ಫೋನ್ ತೆಗೆದಳು. ಕಡಲೆಕಾಯಿ ಮಾರುವವನು ಬುಟ್ಟಿ ಇಳಿಸಿ ಕೂತ. ನಾಯಿಯೊಂದು ವೇದಿಕೆಯ ಮುಂದೆಯೇ ಬಂದು ಮಲಗಿತು, ಯಾರೂ ಓಡಿಸಲಿಲ್ಲ. ಬಯಲಾಟದ ಗದ್ದೆಯಲ್ಲೂ ಹೀಗೇ. ಕೊನೆಗೆ ಕಲಾವಿದರು ಹಳೆಯ ಹಿಂದಿ ಚಿತ್ರಗೀತೆಯೊಂದನ್ನು ನುಡಿಸಿದರು. ಚಾವಡಿಯಲ್ಲಿ ತಮ್ಮ ನುಡಿಸುತ್ತಿದ್ದ ಹಾಡೇ ಅದು ಎಂದರೆ ಕತೆ ಕಟ್ಟಿದ ಹಾಗಾಗುತ್ತದೆ. ಅದು ಆ ಹಾಡಲ್ಲ. ಆದರೆ ದನಿ ಅದೇ. ಅರಂತೋಡಿನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. ಕನ್ನಡಕದ ಮೇಲೆ ಧೂಳೇನೂ ಇರಲಿಲ್ಲ.

ಕಛೇರಿ ಮುಗಿದ ಮೇಲೆ ಜನ ಕಲಾವಿದರ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇವರು ಎಲ್ಲರೂ ಹೋಗುವ ತನಕ ಕಾದು ಹತ್ತಿರ ಹೋದರು.

‘ಸರ್, ಆ ಉಕ್ಕಿನ ತುಂಡನ್ನು ಒಮ್ಮೆ ಮುಟ್ಟಿ ನೋಡಬಹುದಾ?’

ಕಲಾವಿದರು ನಗುತ್ತಾ ಕೈಯಲ್ಲಿಟ್ಟರು. ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಅಷ್ಟು ಹೊತ್ತು ನುಡಿಸಿದ್ದರಿಂದ ಇನ್ನೂ ಬೆಚ್ಚಗಿತ್ತು.

‘ಗುರುಗಳಿಲ್ಲದೆ ಒಬ್ಬನೇ ಕಲಿತರೆ, ಒಂದು ಹಾಡು ಸರಿಯಾಗಿ ನುಡಿಸಲು ಎಷ್ಟು ಸಮಯ ಬೇಕಾದೀತು?’

‘ಗುರುಗಳಿಲ್ಲದೆಯೇ?’ ಕಲಾವಿದರು ಸ್ವಲ್ಪ ಯೋಚಿಸಿದರು. ‘ಬಹಳ ಕಷ್ಟ ಯಜಮಾನರೇ. ತಂತಿಯ ಮೇಲೆ ಸರಿಯಾದ ಜಾಗ ಸಿಗಲಿಕ್ಕೇ ವರ್ಷಗಟ್ಟಲೆ ಬೇಕು. ಯಾರು, ಮೊಮ್ಮಗನಾ?’

‘ಅಲ್ಲ, ತಮ್ಮ. ಒಂದು ವರ್ಷದಲ್ಲಿ ನುಡಿಸುತ್ತಿದ್ದ.’

‘ಹಾಗಾದರೆ ಅವರಿಗೆ ಒಳ್ಳೆಯ ಕಿವಿ ಇರಬೇಕು. ಈಗಲೂ ನುಡಿಸುತ್ತಾರಾ?’

ಅರಂತೋಡಿನವರು ಆ ತುಂಡನ್ನು ಹಿಂದಿರುಗಿಸಿ ಕೈ ಮುಗಿದರು. ಉತ್ತರ ಹೇಳಲಿಲ್ಲ.

* * *

ಬಾದಾಮಿ, ತಿಪಟೂರು ಇಬ್ಬರೂ ಕಾಫಿಗೆಂದು ಮುಂದೆ ನಡೆದರು. ಇವರು ಮರದ ಕೆಳಗೆ ನಿಂತು ಊರಿಗೆ ಫೋನು ಹಚ್ಚಿದರು. ಮಳೆ ಹೇಗಿದೆ, ಪಯಸ್ವಿನಿಯಲ್ಲಿ ನೀರೆಷ್ಟಿದೆ, ಕಾಳುಮೆಣಸಿನ ಬಳ್ಳಿ ಉಳಿಯಿತೇ, ಎಲ್ಲ ವಿಚಾರಿಸಿದರು. ತಮ್ಮ ಒಂದೊಂದೇ ಮಾತಿನಲ್ಲಿ ಉತ್ತರ ಹೇಳಿದ. ಮಾತು ಮುಗಿಯಿತು ಎನ್ನುವ ಹೊತ್ತಿಗೆ ಅಣ್ಣ ಅರೆಭಾಷೆಯಲ್ಲಿ ಕೇಳಿದರು:

‘ಆ ಗಿಟಾರ್ ಉಟ್ಟಾ?’

‘ಇದೆಯಾ’ ಎಂಬುದಕ್ಕೆ ಅವರ ಮನೆಮಾತಿನಲ್ಲಿ ‘ಉಟ್ಟಾ’ ಎನ್ನುತ್ತಾರೆ. ಆ ಕಡೆಯಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದು ಅಣ್ಣ ಫೋನನ್ನು ಕಿವಿಯಿಂದ ತೆಗೆದು ನೋಡಿದರು. ಹೋಗಿರಲಿಲ್ಲ.

‘ಉಟ್ಟು’ ಎಂದ ತಮ್ಮ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ‘ಪಿನ್ನ್ ಇಲ್ಲೆ’ ಎಂದ.

ಕೋಪದಿಂದ ಹೇಳಿದನೋ, ತಮಾಷೆಗೆ ಹೇಳಿದನೋ ಅಣ್ಣನಿಗೆ ತಿಳಿಯಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ‘ಸರಿ’ ಎಂದಷ್ಟೇ ಹೇಳಿ ಫೋನು ಇಟ್ಟರು.

ಮಾರನೆಯ ದಿನ ಸೋಮವಾರ. ಮಗ, ಸೊಸೆ ಆಫೀಸಿಗೆ ಹೋದ ಮೇಲೆ ಅರಂತೋಡಿನವರು ವಾಹನಗಳ ಬಿಡಿಭಾಗ ಮಾರುವ ಜೆ.ಸಿ. ರಸ್ತೆಗೆ ಹೋದರು. ಗ್ರೀಸಿನ ವಾಸನೆಯ ಅಂಗಡಿಯೊಂದರ ಮುಂದೆ ನಿಂತು ಪಿಸ್ಟನ್ ಪಿನ್ನು ಕೇಳಿದರು.

‘ಯಾವ ಗಾಡಿಗೆ ಯಜಮಾನ್ರೇ?’

‘ಗಾಡಿಗಲ್ಲ.’

‘ಮತ್ತೆ? ಪಂಪ್‌ಸೆಟ್ಟಿಗಾ? ಎಂಜಿನ್ ಯಾವುದು ಹೇಳಿ, ಸೈಜು ನೋಡಬೇಕಲ್ಲ.’

‘ಎಂಜಿನ್ನಿಗೂ ಅಲ್ಲ. ಹೆಬ್ಬೆರಳಿನಷ್ಟು ದಪ್ಪದ್ದು ಕೊಡಿ. ನುಣುಪಾಗಿರಬೇಕು.’

ಅಂಗಡಿಯವನು ಒಮ್ಮೆ ಇವರ ಮುಖ ನೋಡಿ, ಒಳಗಿನಿಂದ ನಾಲ್ಕಾರು ಪಿನ್ನುಗಳನ್ನು ತಂದು ಗಾಜಿನ ಮೇಲೆ ಹರಡಿದ. ಇವರು ಒಂದೊಂದನ್ನೇ ಎತ್ತಿ ಎಡಗೈ ಬೆರಳುಗಳ ನಡುವೆ ಹಿಡಿದು, ಗಾಳಿಯಲ್ಲಿ ಮೆಲ್ಲಗೆ ಜಾರಿಸಿ ನೋಡಿದರು. ಮೂರನೆಯದು ಸರಿಯೆನಿಸಿತು. ಎಣ್ಣೆ ಒರೆಸಿ ಕಾಗದದಲ್ಲಿ ಸುತ್ತಿಸಿ ಜೇಬಿಗೆ ಹಾಕಿಕೊಂಡರು. ರಾತ್ರಿ ಸುಳ್ಯದ ಬಸ್ಸಿಗೆ ಸೀಟು ಹಿಡಿದರು. ಮಡಿಕೇರಿ ದಾಟಿ ಘಟ್ಟ ಇಳಿಯುವಾಗ ಎಚ್ಚರವಿರಬೇಕು, ಇಲ್ಲದಿದ್ದರೆ ಬಸ್ಸು ಅರಂತೋಡು ದಾಟಿ ಸುಳ್ಯಕ್ಕೇ ಹೋಗಿ ನಿಲ್ಲುತ್ತದೆ. ಆ ರಾತ್ರಿ ಅವರಿಗೆ ಆ ಭಯವಿರಲಿಲ್ಲ, ನಿದ್ದೆ ಹೇಗೂ ಬರುವಂತಿರಲಿಲ್ಲ.

ಮಂಗಳವಾರ ಬೆಳಗ್ಗೆ ವಿಜಯನಗರದ ಪಾರ್ಕಿನ ಕಲ್ಲುಬೆಂಚಿನಲ್ಲಿ ಒಂದು ಜಾಗ ಖಾಲಿ ಇತ್ತು.

‘ಎಲ್ಲಿ, ಅರಂತೋಡು ಬಂದಿಲ್ಲ?’ ಎಂದು ಹೊಳೆನರಸೀಪುರದವರು ಕೇಳಿದರು.

‘ಊರಿಗೆ ಹೋದರಂತೆ. ನಿನ್ನೆ ರಾತ್ರಿ ಫೋನು ಮಾಡಿದ್ದರು’ ಎಂದರು ಬಾದಾಮಿಯವರು.

‘ಏನು ವಿಶೇಷ? ಹಬ್ಬವೂ ಇಲ್ಲ, ಜಾತ್ರೆಯೂ ಇಲ್ಲ.’

‘ಯಾವುದೋ ಹಳೆಯ ಹರಕೆ ಬಾಕಿ ಇತ್ತಂತೆ.’